ಸರ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಬೆಂಗಳೂರು ನಗರದ ನೀರು ಸರಬರಾಜು

ಪೀಠಿಕೆ

ಬೆಂಗಳೂರು ನಗರದ ಮನೆಗಳಿಗೆ ಕೊಳವೆಗಳ ಮೂಲಕ ನೀರು ಒದಗಿಸುವ ವ್ಯವಸ್ಥೆಗೆ ಒಂದೂಕಾಲು ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. 1896ರಲ್ಲಿ ಹೆಸರಘಟ್ಟದಿಂದ ನಗರಕ್ಕೆ ನೀರು ಹರಿದು ಬಂದುದು ಈ ವ್ಯವಸ್ಥೆಯ ಆರಂಭ. ಊರಿನ ಸುತ್ತಲಿನ ಕೆರೆ, ಬಾವಿಗಳನ್ನೇ ನಂಬಿಕೊಂಡಿದ್ದ ನಗರವು ಅಂದಿನಿಂದ ದೂರದ ನದೀಮೂಲವನ್ನು ಆಶ್ರಯಿಸಿತು. ಈ ಮಹತ್ವದ ತೀರ್ಮಾನವು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತ ಕಾಲದಲ್ಲಿ ಕೈಗೊಂಡದ್ದು. ಅವರ ಜೀವನ ಮತ್ತು ಕಾರ್ಯಗಳ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕುಮಾರಪುರಂ ಶೇಷಾದ್ರಿ ಅಯ್ಯರ್ ಅವರು 1845ರ ಜೂನ್ 1ರಂದು ಮಲಬಾರ್ ಪ್ರಾಂತ್ಯದ ಪಾಲ್ಘಾಟ್ ಬಳಿಯ ಕುಮಾರಪುರಂನಲ್ಲಿ ಜನಿಸಿದರು. ತಂದೆ ಅನಂತನಾರಾಯಣ ಅಯ್ಯರ್ ಕೋಳಿಕ್ಕೋಡಿನಲ್ಲಿ ವಕೀಲರಾಗಿದ್ದರು. ಶೇಷಾದ್ರಿಯವರು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡುದರಿಂದ ಅವರ ಪಾಲನೆ ಪೋಷಣೆಯ ಹೊಣೆಯನ್ನು ಹಿರಿಯ ಸಹೋದರರು ವಹಿಸಿಕೊಂಡರು. ಕೋಳಿಕ್ಕೋಡು ಮತ್ತು ತಿರುವನಂತಪುರಗಳಲ್ಲಿ ಆರಂಭಿಕ ಶಿಕ್ಷಣ ಪಡೆದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ 1868ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಸೇವೆಯಲ್ಲಿದ್ದುಕೊಂಡೇ ವ್ಯಾಸಂಗ ಮುಂದುವರಿಸಿ 1874ರಲ್ಲಿ ಕಾನೂನು ಪದವಿಯನ್ನೂ ಗಳಿಸಿದರು.

ಮೈಸೂರು ಸಂಸ್ಥಾನದ ಸೇವೆ

1868ರಲ್ಲಿ ಶೇಷಾದ್ರಿ ಅಯ್ಯರ್ ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಅಂದು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ನೇರ ಆಡಳಿತದಲ್ಲಿತ್ತು. ಮುಂದೆ ದಿವಾನರಾದ ಸಿ. ರಂಗಾಚಾರ್ಲು ಅವರ ಆಹ್ವಾನದ ಮೇಲೆ ಅವರು ಮೈಸೂರಿಗೆ ಬಂದರು. ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗ ಶಿರಸ್ತೇದಾರರಾಗಿ ಸೇವೆಯನ್ನು ಆರಂಭಿಸಿದ ಅವರು ಹಂತ ಹಂತವಾಗಿ ಉನ್ನತ ಹುದ್ದೆಗಳಿಗೇರಿ ತುಮಕೂರು ಜಿಲ್ಲೆಯ ಡೆಪ್ಯುಟಿ ಕಮಿಷನರ್ ಆದರು.

ಈ ಅವಧಿಯಲ್ಲಿಯೇ, 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಭೀಕರ ಕ್ಷಾಮವು ಆವರಿಸಿತು. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ಜನಗಣತಿಯ ವೇಳೆಗೆ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ಮಳೆ ಬಾರದೆ ಕೆರೆಗಳು ಬತ್ತಿದವು. ಜನರೂ ಜಾನುವಾರುಗಳೂ ಅಪಾರ ಸಂಖ್ಯೆಯಲ್ಲಿ ಮಡಿದರು. ಜಿಲ್ಲಾಡಳಿತದಲ್ಲಿದ್ದ ಅಧಿಕಾರಿಗಳೆಲ್ಲರಿಗೂ ಒಂದೆರಡು ವರ್ಷ ಮಳೆ ಕೈಕೊಟ್ಟರೆ ಏನಾಗಬಹುದೆಂಬುದು ಕಣ್ಣಾರೆ ತಿಳಿಯಿತು. ಅನಂತರದ ದಶಕಗಳಲ್ಲಿ ಸಂಸ್ಥಾನವು ಕೈಗೊಂಡ ಕೆರೆ, ಕಾಲುವೆ ಮತ್ತು ರೈಲು ಮಾರ್ಗಗಳ ಕಾಮಗಾರಿಗಳಿಗೆಲ್ಲ ಈ ಕ್ಷಾಮದ ಅನುಭವವೇ ಹಿನ್ನೆಲೆಯಾಗಿದ್ದಿತು.

ದಿವಾನ್ ಪದವಿ

1881ರಲ್ಲಿ ಸಂಸ್ಥಾನದ ಆಡಳಿತವನ್ನು ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರಿಗೆ ಹಿಂದಿರುಗಿಸಲಾಯಿತು. ಮೊದಲ ದಿವಾನರಾದ ರಂಗಾಚಾರ್ಲು ಅವರು 1883ರ ಜನವರಿಯಲ್ಲಿ ನಿಧನರಾದ ಮೇಲೆ 37 ವರ್ಷ ವಯಸ್ಸಿನ ಶೇಷಾದ್ರಿ ಅಯ್ಯರ್ ಅವರನ್ನು ಆ ಸ್ಥಾನಕ್ಕೆ ನೇಮಿಸಲಾಯಿತು. 1901ರವರೆಗೆ ಹದಿನೆಂಟು ವರ್ಷಗಳ ಕಾಲ ಅವರು ಈ ಹೊಣೆಯನ್ನು ನಿರ್ವಹಿಸಿದರು. ಮೈಸೂರಿನ ದಿವಾನರಲ್ಲಿ ಇಷ್ಟು ದೀರ್ಘ ಕಾಲ ಅಧಿಕಾರದಲ್ಲಿದ್ದವರು ವಿರಳ.

ಅವರು ಅಧಿಕಾರ ವಹಿಸಿಕೊಂಡಾಗ ಸಂಸ್ಥಾನದ ಹಣಕಾಸಿನ ಸ್ಥಿತಿ ಉತ್ತಮವಾಗಿರಲಿಲ್ಲ. ಕ್ಷಾಮಕಾಲದ ವೆಚ್ಚಕ್ಕಾಗಿ ಮಾಡಿದ 80 ಲಕ್ಷ ರೂಪಾಯಿಗಳ ಸಾಲವು ಖಜಾನೆಯ ಮೇಲಿದ್ದಿತು. ಇದರ ಜೊತೆಗೆ ಬ್ರಿಟಿಷ್ ಸರ್ಕಾರಕ್ಕೆ ಪ್ರತಿ ವರ್ಷವೂ ಪೊಗದಿಯನ್ನು ಸಲ್ಲಿಸಬೇಕಾಗಿತ್ತು. ಮಿತವ್ಯಯ ಒಂದನ್ನೇ ಅನುಸರಿಸಿದರೆ ಸಾಲ ತೀರಬಹುದೇ ಹೊರತು ಆದಾಯ ಬೆಳೆಯುವುದಿಲ್ಲವೆಂಬ ನಿಲುವನ್ನು ಅವರು ತಳೆದರು. ಆದುದರಿಂದ ರೈಲು ಮಾರ್ಗಗಳ ವಿಸ್ತರಣೆ, ಕೆರೆಗಳ ದುರಸ್ತಿ, ಬಾವಿ ತೋಡಲು ರೈತರಿಗೆ ಸಾಲ, ಕೋಲಾರದ ಚಿನ್ನದ ಗಣಿಗಳಿಗೆ ಉತ್ತೇಜನ ಮುಂತಾದ ಕ್ರಮಗಳನ್ನು ಕೈಗೊಳ್ಳಲಾಯಿತು. ಚಿನ್ನದ ಗಣಿಗಳಿಂದ ಬಂದ ರಾಜಧನವು ಸಂಸ್ಥಾನದ ಪ್ರಮುಖ ಆದಾಯಗಳಲ್ಲಿ ಒಂದಾಯಿತು. ಕ್ರಮೇಣ ಖಜಾನೆಯಲ್ಲಿ ಉಳಿತಾಯ ಕಂಡುಬಂದಿತು. ಬೆಂಗಳೂರಿನ ನೀರು ಸರಬರಾಜಿನಂತಹ ದೊಡ್ಡ ಕಾಮಗಾರಿಗೆ ಹಣ ತೊಡಗಿಸಲು ಸಾಧ್ಯವಾದುದು ಈ ಉಳಿತಾಯದಿಂದಲೇ.

ರಂಗಾಚಾರ್ಲು ಅವರು 1881ರಲ್ಲಿ ಸ್ಥಾಪಿಸಿದ್ದ ಪ್ರಜಾಪ್ರತಿನಿಧಿ ಸಭೆಯನ್ನು ಅವರು ಮುಂದುವರಿಸಿ ವಿಸ್ತರಿಸಿದರು. 1891ರಿಂದ ಸಭೆಯ ಸದಸ್ಯರನ್ನು ಚುನಾವಣೆಯ ಮೂಲಕ ಆರಿಸುವ ಪದ್ಧತಿಯು ಜಾರಿಗೆ ಬಂದಿತು. ದಸರಾ ಸಂದರ್ಭದಲ್ಲಿ ಸೇರುತ್ತಿದ್ದ ಈ ಸಭೆಯಲ್ಲಿ ದಿವಾನರು ವರ್ಷದ ಆಡಳಿತ ವರದಿಯನ್ನು ಮಂಡಿಸುತ್ತಿದ್ದರು. ಸದಸ್ಯರು ತಮ್ಮ ಊರುಗಳ ಕುಂದುಕೊರತೆಗಳನ್ನು ಅವರ ಮುಂದಿಡುತ್ತಿದ್ದರು.

ಅಂದಿನ ಬೆಂಗಳೂರು

1891ರ ಜನಗಣತಿಯ ಪ್ರಕಾರ ಬೆಂಗಳೂರಿನ ಒಟ್ಟು ಜನಸಂಖ್ಯೆ ಸುಮಾರು 1.80 ಲಕ್ಷ. ಹತ್ತು ವರ್ಷಗಳ ಹಿಂದೆ ಇದು ಸುಮಾರು 1.56 ಲಕ್ಷವಿದ್ದಿತು. ಆಗ ಬೆಂಗಳೂರು ಆಡಳಿತದ ದೃಷ್ಟಿಯಿಂದ ಎರಡು ಊರುಗಳಾಗಿತ್ತು. ಕೋಟೆ ಮತ್ತು ಪೇಟೆಯನ್ನೊಳಗೊಂಡ ನಗರ ಭಾಗವು ಮೈಸೂರು ಸರ್ಕಾರಕ್ಕೆ ಸೇರಿದ್ದು, ದಂಡು ಪ್ರದೇಶವು ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿದ್ದಿತು. ಇವೆರಡಕ್ಕೂ ಪ್ರತ್ಯೇಕ ಪುರಸಭೆಗಳಿದ್ದವು. ರೈಲು ಸಂಪರ್ಕ, ಸರ್ಕಾರಿ ಕಚೇರಿಗಳು, ಬಟ್ಟೆ ಗಿರಣಿಗಳು ಮತ್ತು ಸೈನ್ಯದ ನೆಲೆ ಇವುಗಳಿಂದಾಗಿ ಎರಡೂ ಭಾಗಗಳು ಬೆಳೆಯುತ್ತಿದ್ದವು.

ಬೆಂಗಳೂರು ನದೀತೀರದಲ್ಲಿ ಬೆಳೆದ ಊರಲ್ಲ. ಸಮುದ್ರ ಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದ ದಿಣ್ಣೆಯ ಮೇಲೆ ಅದು ನೆಲೆಸಿದೆ. ಈ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದ ನೀರು ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ಹೀಗೆ ಎರಡೂ ಕಡೆಗೆ ಹರಿದುಹೋಗುವ ನೀರನ್ನು ತಡೆದು ನಿಲ್ಲಿಸುವುದಕ್ಕಾಗಿಯೇ ಹಿಂದಿನವರು ಸಾಲು ಸಾಲಾಗಿ ಕೆರೆಗಳನ್ನು ಕಟ್ಟಿಸಿದ್ದರು. ಪೇಟೆಯ ಜನರಿಗೆ ಧರ್ಮಾಂಬುಧಿ ಕೆರೆ ಮುಖ್ಯ ಆಸರೆಯಾಗಿತ್ತು. ಸಂಪಂಗಿ ಕೆರೆ, ಹಲಸೂರು ಕೆರೆ, ಮಿಲ್ಲರ್ಸ್ ಕೆರೆ ಮೊದಲಾದವು ಇತರ ಭಾಗಗಳ ಅಗತ್ಯವನ್ನು ಪೂರೈಸುತ್ತಿದ್ದವು. ದಂಡು ಪ್ರದೇಶದ ನೀರಿನ ಕೊರತೆಯನ್ನು ನೀಗಿಸುವುದಕ್ಕಾಗಿ 1882ರಲ್ಲಿ ಸ್ಯಾಂಕಿ ಕೆರೆಯನ್ನು ನಿರ್ಮಿಸಲಾಯಿತು. ಇವುಗಳಲ್ಲದೆ ನೂರಾರು ಬಾವಿಗಳೂ ಕಲ್ಯಾಣಿಗಳೂ ಬಳಕೆಯಲ್ಲಿದ್ದವು.

ಈ ವ್ಯವಸ್ಥೆಯಲ್ಲಿ ಎರಡು ದೋಷಗಳು ಕಾಣತೊಡಗಿದವು. ಮೊದಲನೆಯದಾಗಿ, ಕೆರೆಗಳೆಲ್ಲವೂ ಚಿಕ್ಕ ಜಲಾನಯನ ಪ್ರದೇಶವನ್ನು ಹೊಂದಿದ್ದು, ಒಂದು ವರ್ಷ ಮಳೆ ಕಡಿಮೆಯಾದರೂ ಬೇಸಿಗೆಯಲ್ಲಿ ಬತ್ತಿಹೋಗುತ್ತಿದ್ದವು. ಎರಡನೆಯದಾಗಿ, ಊರು ಬೆಳೆದಂತೆ ಕೆರೆಗಳ ಸುತ್ತಲೂ ಮನೆಗಳೆದ್ದು ಬೀದಿಯ ಕೊಚ್ಚೆನೀರು ಕೆರೆಗೇ ಹರಿಯತೊಡಗಿತು. ಬಟ್ಟೆ ಒಗೆಯಲು, ದನಕರುಗಳ ಮೈ ತೊಳೆಯಲು, ಕುಡಿಯಲು ಒಂದೇ ನೀರು ಬಳಕೆಯಾಗುತ್ತಿತ್ತು. ಕಾಲರಾ ಮುಂತಾದ ರೋಗಗಳು ಕಲುಷಿತ ನೀರಿನಿಂದ ಹರಡುತ್ತವೆಂಬ ವಿಚಾರವು ಆ ಹೊತ್ತಿಗೆ ವೈದ್ಯರಲ್ಲಿಯೂ ಆಡಳಿತಗಾರರಲ್ಲಿಯೂ ಮನ್ನಣೆ ಪಡೆದಿತ್ತು. ಆದುದರಿಂದ ಊರಿನ ಒಳಗೇ ಮತ್ತೊಂದು ಕೆರೆಯನ್ನು ಸೇರಿಸುವುದರಿಂದ ಸಮಸ್ಯೆ ಬಗೆಹರಿಯುವಂತಿರಲಿಲ್ಲ. ಜನವಸತಿಯಿಂದ ದೂರವಿರುವ, ಹೆಚ್ಚು ವಿಸ್ತಾರವಾದ ಜಲಾನಯನ ಪ್ರದೇಶವುಳ್ಳ ಹೊಸ ಮೂಲವನ್ನು ಹುಡುಕುವುದು ಅನಿವಾರ್ಯವಾಯಿತು.

ಹೆಸರಘಟ್ಟ ಯೋಜನೆ

ದಿವಾನರ ಮುಂದಾಳತ್ವದಲ್ಲಿ ಸಂಸ್ಥಾನದ ಮುಖ್ಯ ಎಂಜಿನಿಯರ್ ಎಂ.ಸಿ. ಹಚಿನ್ಸ್ ಅವರು ಹೊಸ ಯೋಜನೆಯನ್ನು ರೂಪಿಸಿದರು. ನಗರದ ವಾಯುವ್ಯಕ್ಕೆ ಸುಮಾರು 18 ಕಿಲೋಮೀಟರ್ ದೂರದಲ್ಲಿರುವ ಹೆಸರಘಟ್ಟದ ಬಳಿ ಅರ್ಕಾವತಿ ನದಿಯ ನೀರನ್ನು ಸಂಗ್ರಹಿಸಲು ನಿರ್ಧರಿಸಲಾಯಿತು. ಅರ್ಕಾವತಿಯು ನಂದಿಬೆಟ್ಟದ ಪ್ರದೇಶದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕಡೆಯಿಂದ ಹಲವು ಕೆರೆಗಳನ್ನು ತುಂಬಿಸುತ್ತಾ ಹರಿದು ಬರುವ ನದಿ. ವರ್ಷವಿಡೀ ತುಂಬಿ ಹರಿಯುವ ನದಿ ಇದಲ್ಲ. ಮಳೆಗಾಲದಲ್ಲಿ ಬಂದ ನೀರನ್ನು ಹಿಡಿದಿಟ್ಟು ಬೇಸಿಗೆಗೂ ಮುಂದಿನ ವರ್ಷಗಳಿಗೂ ಉಳಿಸಿಕೊಂಡರೆ ಮಾತ್ರ ಅದರಿಂದ ನಗರಕ್ಕೆ ಪ್ರಯೋಜನ. ಈ ಕಾರಣದಿಂದ ಜಲಾಶಯವನ್ನು ಒಂದು ವರ್ಷದ ಅಗತ್ಯಕ್ಕಲ್ಲದೆ ಮೂರು ವರ್ಷಗಳ ಪೂರೈಕೆಗೆ ಸಾಲುವಂತೆ ಯೋಜಿಸಲಾಯಿತು. ಒಂದು ವರ್ಷ ಮಳೆ ಕೈಕೊಟ್ಟರೂ, ಎರಡನೆಯ ವರ್ಷವೂ ಕೊರತೆಯಾದರೂ ನಗರಕ್ಕೆ ನೀರು ನಿಲ್ಲಬಾರದೆಂಬುದು ಇದರ ಉದ್ದೇಶ.

ಸ್ಥಳದ ಆಯ್ಕೆಯಲ್ಲಿ ಒಂದು ತೊಡಕೂ ಇದ್ದಿತು. ಹೆಸರಘಟ್ಟವು ನಗರಕ್ಕಿಂತ ತಗ್ಗಿನಲ್ಲಿದೆ. ನೀರು ತಾನಾಗಿಯೇ ನಗರಕ್ಕೆ ಹರಿದು ಬರುವಂತಿಲ್ಲ. ಜಲಾಶಯದಿಂದ ಸ್ವಲ್ಪ ದೂರದವರೆಗೆ ಇಳಿಜಾರಿನಲ್ಲಿ ತಾನೇ ಹರಿದು ಬಂದ ನೀರನ್ನು ಅಲ್ಲಿಂದ ಮುಂದಕ್ಕೆ ಯಂತ್ರಗಳ ಮೂಲಕ ಮೇಲೆತ್ತಬೇಕಾಗಿತ್ತು. ಆಗಿನ್ನೂ ಬೆಂಗಳೂರಿಗೆ ವಿದ್ಯುತ್ ಬಂದಿರಲಿಲ್ಲ. ಆದುದರಿಂದ ಸೋಲದೇವನಹಳ್ಳಿಯಲ್ಲಿ ಪಂಪು ಮನೆಯನ್ನು ನಿರ್ಮಿಸಿ ಉಗಿಯಂತ್ರಗಳನ್ನು ಸ್ಥಾಪಿಸಲಾಯಿತು. ಇದರಿಂದ ಕಟ್ಟುವ ವೆಚ್ಚದ ಜೊತೆಗೆ ಇಂಧನ, ಸಿಬ್ಬಂದಿ ಮತ್ತು ದುರಸ್ತಿಗಳಿಗಾಗಿ ಪ್ರತಿ ವರ್ಷವೂ ಹಣ ಒದಗಿಸಬೇಕಾದ ಹೊಣೆ ಸರ್ಕಾರದ ಮೇಲೆ ಬಿದ್ದಿತು. ಕೆರೆಯ ನೀರಿಗೆ ಏರಿ, ತೂಬು, ಕೋಡಿಗಳ ದುರಸ್ತಿಯಷ್ಟೇ ಸಾಕಾಗಿತ್ತು. ಕೊಳವೆಯ ನೀರಿಗೆ ನಿತ್ಯವೂ ದುಡಿಯುವ ಯಂತ್ರವೊಂದು ಬೇಕಾಯಿತು. ನೀರಿನ ಪೂರೈಕೆಯು ಲೆಕ್ಕಪತ್ರ, ಶುಲ್ಕ ಮತ್ತು ನಿರ್ವಹಣೆಯುಳ್ಳ ಸಾರ್ವಜನಿಕ ಸೇವೆಯಾಗಿ ಮಾರ್ಪಟ್ಟುದು ಈ ಹಂತದಲ್ಲಿ.

1894ರಲ್ಲಿ ಕಾಮಗಾರಿಯನ್ನು ಕೈಗೊಳ್ಳಲಾಯಿತು. ಅದೇ ವರ್ಷದ ಡಿಸೆಂಬರ್ 28ರಂದು ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೀಡಾದರು. ಯುವರಾಜರು ಇನ್ನೂ ಬಾಲಕರಾಗಿದ್ದ ಕಾರಣ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಡಳಿತವನ್ನು ವಹಿಸಿಕೊಂಡರು. ಇಂತಹ ಸಂದರ್ಭದಲ್ಲಿ ದೊಡ್ಡ ವೆಚ್ಚದ ಕಾಮಗಾರಿಗಳು ಅರ್ಧಕ್ಕೆ ನಿಲ್ಲುವ ಸಂಭವವಿದ್ದಿತು. ಆದರೆ ದಿವಾನರು ಹೆಸರಘಟ್ಟದ ಕೆಲಸವನ್ನು ನಿಲ್ಲಿಸಲಿಲ್ಲ. 1896ರಲ್ಲಿ ಯೋಜನೆಯು ಕಾರ್ಯಾರಂಭಗೊಂಡಿತು. ದಿವಂಗತ ಮಹಾರಾಜರ ಹೆಸರಿನಲ್ಲಿ ಇದನ್ನು ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಕರೆಯಲಾಯಿತು.

ಸೋಲದೇವನಹಳ್ಳಿಯಿಂದ ಮೇಲೆತ್ತಿದ ನೀರನ್ನು ಮಲ್ಲೇಶ್ವರದ ಎತ್ತರದ ಪ್ರದೇಶಕ್ಕೆ ತಂದು, ಅಲ್ಲಿಂದ ಕೊಳವೆಗಳ ಮೂಲಕ ಊರಿನ ವಿವಿಧ ಭಾಗಗಳಿಗೆ ಹಂಚಲಾಗುತ್ತಿತ್ತು. ಮುಂದೆ ಮಲ್ಲೇಶ್ವರದಲ್ಲಿ ಜ್ಯುವೆಲ್ ಶೋಧಕಗಳನ್ನು ಅಳವಡಿಸಿ ನೀರನ್ನು ಶುದ್ಧೀಕರಿಸಿ ಪೂರೈಸುವ ವ್ಯವಸ್ಥೆಯಾಯಿತು. ಮೈಸೂರು ಸರ್ಕಾರದ ನಗರ ಭಾಗಕ್ಕೂ ಬ್ರಿಟಿಷರ ದಂಡು ಪ್ರದೇಶಕ್ಕೂ ಒಂದೇ ಮೂಲದಿಂದ ನೀರು ದೊರೆಯಿತು. ಆಡಳಿತದಲ್ಲಿ ಬೇರೆ ಬೇರೆಯಾಗಿದ್ದ ಎರಡು ಊರುಗಳು 1949ರಲ್ಲಿ ಒಂದೇ ನಗರಪಾಲಿಕೆಯಾಗಿ ಸೇರುವುದಕ್ಕೆ ಅರ್ಧ ಶತಮಾನ ಮೊದಲೇ ನೀರಿನ ವಿಷಯದಲ್ಲಿ ಒಂದಾಗಿದ್ದವು.

ಪ್ಲೇಗ್ ಪಿಡುಗು ಮತ್ತು ಹೊಸ ಬಡಾವಣೆಗಳು

ಯೋಜನೆ ಪೂರ್ಣಗೊಂಡ ಎರಡೇ ವರ್ಷಗಳಲ್ಲಿ, 1898ರ ಆಗಸ್ಟ್‌ನಲ್ಲಿ, ಬೆಂಗಳೂರಿಗೆ ಪ್ಲೇಗ್ ಪಿಡುಗು ತಗಲಿತು. ಪ್ಲೇಗ್ ನೀರಿನಿಂದ ಹರಡುವ ರೋಗವಲ್ಲ. ಇಲಿಗಳ ಮೈಮೇಲಿನ ಚಿಗಟಗಳಿಂದ ಅದು ಹರಡುತ್ತದೆ. ಆದರೆ ಪೇಟೆಯ ಇಕ್ಕಟ್ಟಾದ ಓಣಿಗಳು, ಗಾಳಿ ಬೆಳಕಿಲ್ಲದ ಮನೆಗಳು ಮತ್ತು ಚರಂಡಿಯಿಲ್ಲದ ಬೀದಿಗಳಲ್ಲಿ ಅದು ವೇಗವಾಗಿ ಹಬ್ಬಿತು. ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಬಹಳಷ್ಟು ಜನರು ಊರು ತೊರೆದರು. 1901ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆಯು ಸುಮಾರು 1.59 ಲಕ್ಷಕ್ಕೆ ಇಳಿದುದು ಇದರ ತೀವ್ರತೆಯನ್ನು ತೋರಿಸುತ್ತದೆ.

ಪಿಡುಗಿನ ನಿವಾರಣೆಗಾಗಿ ಸರ್ಕಾರವು ಕೈಗೊಂಡ ಕ್ರಮಗಳಲ್ಲಿ ಹೊಸ ಬಡಾವಣೆಗಳ ಅಭಿವೃದ್ಧಿ ಮುಖ್ಯವಾದುದು. ಉತ್ತರದಲ್ಲಿ ಮಲ್ಲೇಶ್ವರ, ದಕ್ಷಿಣದಲ್ಲಿ ಬಸವನಗುಡಿ ಬಡಾವಣೆಗಳು ಅಗಲವಾದ ರಸ್ತೆಗಳು, ಅಳತೆಯ ನಿವೇಶನಗಳು ಮತ್ತು ಮನೆಗಳ ಹಿಂದೆ ಹಾದುಹೋಗುವ ನೈರ್ಮಲ್ಯದ ಓಣಿಗಳೊಡನೆ ರೂಪುಗೊಂಡವು. ದೂರದ ಮೂಲದಿಂದ ಕೊಳವೆಯ ನೀರು ಬರುತ್ತಿದ್ದುದರಿಂದ ಕೆರೆ, ಬಾವಿಗಳ ಆಸುಪಾಸನ್ನು ಬಿಟ್ಟು ಊರು ಹೊರಕ್ಕೆ ಬೆಳೆಯುವುದು ಸುಲಭವಾಯಿತು. 1897ರಲ್ಲಿ ಶಂಕುಸ್ಥಾಪನೆಯಾದ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರ್‌ನಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಉದ್ಘಾಟಿಸಿದರು.

ಇತರ ಪ್ರಮುಖ ಕಾರ್ಯಗಳು

ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭಗೊಂಡ ಮತ್ತೊಂದು ಮಹತ್ವದ ಕಾರ್ಯ ಶಿವನಸಮುದ್ರದ ಜಲವಿದ್ಯುತ್ ಯೋಜನೆ. ಎಂಜಿನಿಯರ್ ಜಾಲಿ ಡಿ ಲಾಟ್ಬಿನಿಯರ್ ಅವರ ಸಲಹೆಯಂತೆ ಕಾವೇರಿ ನದಿಯ ಜಲಪಾತದಿಂದ ವಿದ್ಯುತ್ ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಒದಗಿಸುವ ಕೆಲಸವನ್ನು ಕೈಗೊಳ್ಳಲಾಯಿತು. 1902ರ ಜೂನ್‌ನಲ್ಲಿ ಗಣಿಗಳಿಗೂ 1905ರ ಆಗಸ್ಟ್‌ನಲ್ಲಿ ಬೆಂಗಳೂರು ನಗರಕ್ಕೂ ವಿದ್ಯುತ್ ತಲುಪಿತು.

ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆ ಅಣೆಕಟ್ಟಿನ ನಿರ್ಮಾಣವನ್ನೂ ಅವರ ಕಾಲದಲ್ಲಿಯೇ ಆರಂಭಿಸಲಾಯಿತು. 1907ರಲ್ಲಿ ಪೂರ್ಣಗೊಂಡ ಈ ಜಲಾಶಯವು ವಾಣಿವಿಲಾಸ ಸಾಗರವೆಂದು ಪ್ರಸಿದ್ಧವಾಗಿದೆ. 1894ರಲ್ಲಿ ಭೂವಿಜ್ಞಾನ ಇಲಾಖೆಯ ಸ್ಥಾಪನೆ, ಅದೇ ವರ್ಷ ಬಾಲ್ಯವಿವಾಹವನ್ನು ತಡೆಯುವ ಶಾಸನ, ಸರ್ಕಾರಿ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ಇವು ಅವರ ಅವಧಿಯ ಇತರ ಗಮನಾರ್ಹ ಕ್ರಮಗಳು. ಬ್ರಿಟಿಷ್ ಸರ್ಕಾರವು 1893ರಲ್ಲಿ ಅವರಿಗೆ ಕೆ.ಸಿ.ಎಸ್.ಐ. ಬಿರುದನ್ನು ನೀಡಿತು.

ಅವರ ಆಡಳಿತವು ಟೀಕೆಗಳಿಂದ ಮುಕ್ತವಾಗಿರಲಿಲ್ಲ. ಉನ್ನತ ಹುದ್ದೆಗಳಿಗೆ ಮದರಾಸು ಪ್ರಾಂತ್ಯದವರನ್ನು ಹೆಚ್ಚಾಗಿ ನೇಮಿಸಲಾಗುತ್ತಿದೆ ಎಂಬ ಅಸಮಾಧಾನ ಸಂಸ್ಥಾನದ ಜನರಲ್ಲಿದ್ದಿತು. ಮೈಸೂರಿನವರಿಗೇ ಅವಕಾಶ ದೊರೆಯಬೇಕೆಂಬ ಬೇಡಿಕೆಯು ಮುಂದಿನ ದಿನಗಳಲ್ಲಿ ಬಲವಾಗಿ ಬೆಳೆಯಿತು.

ನಿವೃತ್ತಿ ಮತ್ತು ನಿಧನ

ಅನಾರೋಗ್ಯದ ಕಾರಣ ಶೇಷಾದ್ರಿ ಅಯ್ಯರ್ ಅವರು 1901ರಲ್ಲಿ ದಿವಾನ್ ಪದವಿಯಿಂದ ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರ್ 13ರಂದು, ತಮ್ಮ 56ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಶಿವನಸಮುದ್ರದ ವಿದ್ಯುತ್ ಹರಿದುದನ್ನಾಗಲಿ, ಮಾರಿಕಣಿವೆಯು ತುಂಬಿದುದನ್ನಾಗಲಿ ಅವರು ಕಾಣಲಿಲ್ಲ. ಅವರ ದೊಡ್ಡ ಯೋಜನೆಗಳಲ್ಲಿ ಪೂರ್ಣ ರೂಪ ತಾಳಿ ಜನರಿಗೆ ಉಪಯೋಗವಾಗುತ್ತಿದ್ದುದನ್ನು ಅವರು ನೋಡಿದುದು ಹೆಸರಘಟ್ಟದ ನೀರನ್ನು.

ಬೆಂಗಳೂರಿನ ಶೇಷಾದ್ರಿಪುರಂ ಬಡಾವಣೆ ಮತ್ತು ಶೇಷಾದ್ರಿ ರಸ್ತೆಗಳು ಅವರ ಹೆಸರನ್ನು ಉಳಿಸಿವೆ. ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆಯನ್ನು 1913ರಲ್ಲಿ ಅನಾವರಣಗೊಳಿಸಲಾಯಿತು. ಅದರ ಹಿಂಭಾಗದಲ್ಲಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ.

ಯೋಜನೆಯ ಮಿತಿ ಮತ್ತು ಮುಂದಿನ ಹಂತಗಳು

ಮೂರು ವರ್ಷಗಳ ಸಂಗ್ರಹವೆಂಬ ಲೆಕ್ಕಾಚಾರವು ಎರಡು ಸಂಗತಿಗಳನ್ನು ಅವಲಂಬಿಸಿತ್ತು. ಒಂದು ಮಳೆ, ಇನ್ನೊಂದು ಜನಸಂಖ್ಯೆ. ಪ್ಲೇಗಿನ ಹೊಡೆತದಿಂದ ಚೇತರಿಸಿಕೊಂಡ ನಗರವು ಮತ್ತೆ ಬೆಳೆಯಿತು. ವಿದ್ಯುತ್ ಬಂದ ಮೇಲೆ ಕಾರ್ಖಾನೆಗಳು ಹೆಚ್ಚಿದವು. ಬಡಾವಣೆಗಳು ವಿಸ್ತರಿಸಿದವು. ಬಳಕೆ ಏರುತ್ತಾ ಹೋದಂತೆ ಅದೇ ಜಲಾಶಯದ ನೀರು ಕಡಿಮೆ ಕಾಲಕ್ಕೆ ಸಾಲತೊಡಗಿತು. ಇದರೊಡನೆ ಮಳೆಯೂ ಕೊರತೆಯಾಗಿ 1925ರ ಸುಮಾರಿಗೆ ಹೆಸರಘಟ್ಟ ಜಲಾಶಯವು ಬತ್ತಿಹೋಯಿತು. ಯೋಜನೆ ಆರಂಭವಾಗಿ ಮೂರು ದಶಕಗಳು ತುಂಬುವ ಮೊದಲೇ ನಗರವು ಹೊಸ ಮೂಲವನ್ನು ಹುಡುಕಬೇಕಾಯಿತು.

ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ, ಅರ್ಕಾವತಿ ಮತ್ತು ಕುಮುದ್ವತಿ ನದಿಗಳ ಸಂಗಮದ ಬಳಿ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಜಲಾಶಯವನ್ನು ನಿರ್ಮಿಸಲಾಯಿತು. 1933ರಲ್ಲಿ ಪೂರ್ಣಗೊಂಡ ಈ ಜಲಾಶಯವು ಹಲವು ದಶಕಗಳ ಕಾಲ ನಗರದ ಮುಖ್ಯ ಮೂಲವಾಗಿತ್ತು. ಅದೂ ಸಾಲದಾದಾಗ ಕಾವೇರಿಯತ್ತ ನೋಡಬೇಕಾಯಿತು. 1964ರ ಅಧಿನಿಯಮದ ಮೇರೆಗೆ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಸ್ಥಾಪನೆಗೊಂಡಿತು. 1974ರಲ್ಲಿ ಕಾವೇರಿ ಮೊದಲನೆಯ ಹಂತದ ನೀರು ನಗರವನ್ನು ತಲುಪಿತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತದ ಯೋಜನೆಯು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದಾಗಿದ್ದು, ನಗರದ ವ್ಯಾಪ್ತಿಗೆ ಸೇರಿದ 110 ಹಳ್ಳಿಗಳಿಗೆ ನೀರು ಒದಗಿಸುವ ಉದ್ದೇಶವನ್ನು ಹೊಂದಿದೆ.

ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ, ಹಾರೋಹಳ್ಳಿ ಮತ್ತು ತಾತಗುಣಿಗಳ ಮಾರ್ಗವಾಗಿ ಮೂರು ಹಂತಗಳಲ್ಲಿ ವಿದ್ಯುತ್ ಪಂಪುಗಳಿಂದ ಎತ್ತಿ ತರಲಾಗುತ್ತದೆ. ಇದು ಶಿವನಸಮುದ್ರಕ್ಕೆ ಸಮೀಪದ ಪ್ರದೇಶ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ವಿದ್ಯುತ್ತಿಗಾಗಿ ಆರಿಸಿಕೊಂಡ ನದೀಭಾಗದ ಸಮೀಪದಿಂದಲೇ ನಗರವು ಕುಡಿಯುವ ನೀರನ್ನು ಪಡೆಯುತ್ತಿದೆ. ಹದಿನೆಂಟು ಕಿಲೋಮೀಟರ್ ದೂರದ ಮೂಲದಿಂದ ನೂರು ಕಿಲೋಮೀಟರ್ ದೂರದ ಮೂಲಕ್ಕೆ ಹೋದಂತೆಲ್ಲ ಒಂದೊಂದು ಕೊಡ ನೀರಿನ ಹಿಂದಿರುವ ವೆಚ್ಚವೂ ಹೆಚ್ಚಿದೆ.

ಕೊಳವೆಯ ನೀರು ಬಂದುದರಿಂದ ಆದ ಮತ್ತೊಂದು ಪರಿಣಾಮವನ್ನೂ ಇಲ್ಲಿ ಗಮನಿಸಬೇಕು. ಕುಡಿಯುವ ನೀರಿಗೆ ಕೆರೆಗಳ ಅಗತ್ಯವಿಲ್ಲವೆಂದಾದ ಮೇಲೆ ಅವುಗಳ ಪೋಷಣೆ ಹಿಂದೆ ಬಿದ್ದಿತು. ಧರ್ಮಾಂಬುಧಿ ಕೆರೆಯು ಬತ್ತಿ ಮೈದಾನವಾಗಿ, ಕೊನೆಗೆ ಕೆಂಪೇಗೌಡ ಬಸ್ ನಿಲ್ದಾಣದ ಸ್ಥಳವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ದೂರದ ನೀರನ್ನು ತಂದವರು ಊರಿನ ಕೆರೆಗಳನ್ನು ಮುಚ್ಚಬೇಕೆಂದು ಹೇಳಿದವರಲ್ಲ. ಆದರೆ ನಲ್ಲಿಯಲ್ಲಿ ನೀರು ಬರುವವರೆಗೆ ಕೆರೆಯ ನೆನಪಾಗದಿರುವುದು ನಗರಗಳಲ್ಲಿ ಸಾಮಾನ್ಯವಾಯಿತು. ಅಂತರ್ಜಲವು ಕುಸಿದು, ಕೊಳವೆ ಬಾವಿಗಳು ಬತ್ತಿದ ಮೇಲೆ ಕೆರೆಗಳ ಪುನಶ್ಚೇತನ ಮತ್ತು ಮಳೆನೀರು ಸಂಗ್ರಹಣೆಗಳಿಗೆ ಪುನಃ ಮಹತ್ವ ಬಂದಿದೆ.

ಹೆಸರಘಟ್ಟ ಯೋಜನೆಯ ಇತಿಹಾಸದಿಂದ ತಿಳಿದುಬರುವ ಅಂಶ ಇಷ್ಟು. ಬೆಳೆಯುವ ನಗರಕ್ಕೆ ನೀರು ತರುವವರು ಇಂದಿನ ಕೊರತೆಯನ್ನಷ್ಟೇ ಅಲ್ಲದೆ ಮಳೆ ಬಾರದ ವರ್ಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಶೇಷಾದ್ರಿ ಅಯ್ಯರ್ ಅವರ ಆಡಳಿತವು ಇದನ್ನು ಮಾಡಿತು. ಆದರೂ ಯಾವ ಮೂಲವೂ ಶಾಶ್ವತವಲ್ಲ. ಜಲಾನಯನ ಪ್ರದೇಶವನ್ನು ಕಾಪಾಡುವುದು, ಬಳಕೆಯಲ್ಲಿ ಮಿತಿ ಇಟ್ಟುಕೊಳ್ಳುವುದು ಮತ್ತು ಮುಂದಿನ ಮೂಲವನ್ನು ಸಾಕಷ್ಟು ಮೊದಲೇ ಯೋಚಿಸುವುದು, ಈ ಮೂರೂ ಜೊತೆಯಾಗಿ ನಡೆಯಬೇಕು.

ಪ್ರಮುಖ ಇಸವಿಗಳು

1845 – ಕುಮಾರಪುರಂನಲ್ಲಿ ಶೇಷಾದ್ರಿ ಅಯ್ಯರ್ ಅವರ ಜನನ
1868 – ಬಿ.ಎ. ಪದವಿ, ಮೈಸೂರು ಸಂಸ್ಥಾನದ ಸೇವೆಗೆ ಸೇರ್ಪಡೆ
1876–78 – ಮಹಾ ಕ್ಷಾಮ
1883 – ಮೈಸೂರು ದಿವಾನರಾಗಿ ನೇಮಕ
1894 – ಹೆಸರಘಟ್ಟ ಯೋಜನೆಯ ಕಾಮಗಾರಿ. ಚಾಮರಾಜೇಂದ್ರ ಒಡೆಯರ್ ಅವರ ನಿಧನ
1896 – ಚಾಮರಾಜೇಂದ್ರ ವಾಟರ್ ವರ್ಕ್ಸ್ ಕಾರ್ಯಾರಂಭ
1898 – ಬೆಂಗಳೂರಿನಲ್ಲಿ ಪ್ಲೇಗ್ ಪಿಡುಗು
1901 – ನಿವೃತ್ತಿ ಮತ್ತು ನಿಧನ
1933 – ತಿಪ್ಪಗೊಂಡನಹಳ್ಳಿ ಜಲಾಶಯ ಪೂರ್ಣ
1964 – ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಅಧಿನಿಯಮ
1974 – ಕಾವೇರಿ ಮೊದಲನೆಯ ಹಂತ
2024 – ಕಾವೇರಿ ಐದನೆಯ ಹಂತ

ನಾಗರಿಕರ ಗಮನಕ್ಕೆ

ಹೊಸ ನೀರಿನ ಸಂಪರ್ಕವನ್ನು ಕೋರುವ ಅರ್ಜಿದಾರರು ನಿಗದಿತ ನಮೂನೆಯಲ್ಲಿ ಅರ್ಜಿಯನ್ನು ಭರ್ತಿ ಮಾಡಿ, ಸ್ವತ್ತಿನ ದಾಖಲೆಗಳೊಡನೆ ಸಲ್ಲಿಸತಕ್ಕದ್ದು. 2009ರ ತಿದ್ದುಪಡಿ ಅಧಿನಿಯಮದ ಪ್ರಕಾರ ನಿಗದಿತ ಅಳತೆಗೆ ಮೇಲ್ಪಟ್ಟ ನಿವೇಶನಗಳಲ್ಲಿನ ಕಟ್ಟಡಗಳಿಗೆ ಮಳೆನೀರು ಸಂಗ್ರಹಣಾ ವ್ಯವಸ್ಥೆಯನ್ನು ಅಳವಡಿಸುವುದು ಕಡ್ಡಾಯವಾಗಿರುತ್ತದೆ. ಅರ್ಜಿ ಸಲ್ಲಿಸುವ ಮೊದಲು ತಮ್ಮ ಪ್ರದೇಶದ ಉಪವಿಭಾಗ ಕಚೇರಿಯಲ್ಲಿ ಅಗತ್ಯ ದಾಖಲೆಗಳ ಮತ್ತು ಶುಲ್ಕದ ವಿವರಗಳನ್ನು ತಿಳಿದುಕೊಳ್ಳಬಹುದು. ನೂರು ಕಿಲೋಮೀಟರ್ ದೂರದಿಂದ ಬರುವ ನೀರನ್ನು ಮಿತವಾಗಿ ಬಳಸಿ, ಸೋರಿಕೆ ಕಂಡುಬಂದಲ್ಲಿ ಕೂಡಲೇ ಸಂಬಂಧಪಟ್ಟ ಕಚೇರಿಯ ಗಮನಕ್ಕೆ ತಂದು ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.